ಒಲೆಯ ಬೆನ್ನು

ಕಿರುಚಲಿ, ಕಿರುಚಿ ಸಾಯಲಿ ಎಂದುಕೊಂಡು ಕೊರಿನ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಒಲೆಯ ಕಡೆಗಿದ್ದ ಕಿವಿಗೆ ಅತ್ತೆಯ ಮಾತು ಕೇಳಿಸುತ್ತಿರಲಿಲ್ಲ. ಈ ಕಿವಿಗೆ, ದುರದೃಷ್ಟಕ್ಕೆ, ಕೇಳಿಸಿತು.

"ಅದೇನೇ ಸದ್ದು, ಹಂದಿ ಕೊಯ್ಸ್ತಿದೀಯಾ?"

"ಒಲೆಯ ಬ್ಲೋವರ್ರು, ಬಿಸಿಗಾಳಿ ಊದೋ ಫ್ಯಾನು."

"ನಾರ್ಮಂಡ್ ಇದ್ದಾಗ ಒಂದಿನ ಕಿರುಚಿತ್ತಾ? ಅವನಿಲ್ಲ ಅಂತ ಅದಕ್ಕೂ ಗೊತ್ತಾಗಿದೆ ನೋಡು."

ಊರಿನಲ್ಲಿ ಈಗ ಎಲ್ಲರ ಅಭಿಪ್ರಾಯವೂ ಇದೇ. ಕಳೆದ ಮಾರ್ಚಿನಲ್ಲಿ ಸರೋವರದ ಮಂಜುಗಡ್ಡೆ ಬಿರಿದು ನಾರ್ಮಂಡ್ ತನ್ನ ಹಿಮದ ಗಾಡಿಯ ಸಮೇತ ಮುಳುಗಿಹೋದ ಮೇಲೆ ಅವನ ನಾಯಿ ಊಟ ಬಿಟ್ಟಿತು. ಅವನ ಟ್ರಕ್ಕಿನ ಬ್ಯಾಟರಿ ಸತ್ತಿತು. ಈಗ ಒಲೆ ಅಳುತ್ತಿದೆ. ಶೋಕಿಸಲು ಬಾರದವಳು ಅವನ ಹೆಂಡತಿ ಕೊರಿನ್ ಒಬ್ಬಳೇ.

"ಮಧ್ಯಾಹ್ನ ರೊಸೇರ್ ಜೊತೆ ಬರ್ತೀನಿ," ಎಂದಳು ಅತ್ತೆ ಲಿಯೋನಿ. ರೊಸೇರ್ ಅವಳ ಕಿರಿಯ ಮಗ. "ಆ ದರಿದ್ರ ಒಲೆ ಆರಿಸಿ ಬಟ್ಟೆ ತುಂಬ್ಕೋ. ಚಳಿಗಾಲ ಮುಗಿಯೋವರೆಗೆ ನಮ್ಮನೇಲಿರು. ನಾರ್ಮಂಡನ ಕೋಣೆ ಹೇಗಿತ್ತೋ ಹಾಗೇ ಇಟ್ಟಿದೀನಿ."

"ಒಲೆ ಸರಿಹೋದ್ರೆ?"

"ಸರಿಹೋದ್ರೆ ಇರಮ್ಮಾ, ಯಾರು ಬೇಡ ಅಂದ್ರು? ಯಾರು ಸರಿಮಾಡ್ತಾರೆ, ನಿನ್ನ ಎಂ.ಎ. ಮಾಡತ್ತಾ?"

ಆ ಕೋಣೆ ಕೊರಿನ್‌ಗೆ ಗೊತ್ತಿತ್ತು. ಅಂತ್ಯಕ್ರಿಯೆಯ ವಾರ ಅಲ್ಲೇ ಮಲಗಿದ್ದಳು. ಒಂಟಿ ಮಂಚ, ಹಾಕಿ ಆಟದ ಕಪ್ಪುಗಳು, ಗೋಡೆಯ ಮೇಲೆ ಮಾತೆ ಮರಿಯ. ಆ ಮನೆಯಲ್ಲಿ ಎಲ್ಲರೂ ಸರದಿಯ ಮೇಲೆ ಅಳುತ್ತಿದ್ದರು. ತಮ್ಮ ಸರದಿ ಮುಗಿದೊಡನೆ ಅವಳ ಮುಖ ನೋಡುತ್ತಿದ್ದರು. ಅತ್ತೆ ಕೆಟ್ಟವಳಲ್ಲ. ಅದೇ ತೊಂದರೆ.

ಕೊರಿನ್ ಒಲೆ ಆರಿಸಿದಳು. ಉರಿಬಟ್ಟಲಿನಲ್ಲಿ ಉಳಿದಿದ್ದ ಮರದ ಹೊಟ್ಟಿನ ಗುಳಿಗೆಗಳು ಕೆಂಪಾಗಿ, ಬೂದಿಯಾಗಿ, ತಣ್ಣಗಾದವು. ಪ್ಲಗ್ ಕಿತ್ತಳು. ಮನೆಯೂ ತಣ್ಣಗಾಗತೊಡಗಿತು. ಕೋಟು ತೊಟ್ಟುಕೊಂಡು ನೆಲಮಾಳಿಗೆಯಿಂದ ನಾರ್ಮಂಡನ ರಟ್ಟಿನ ಹಾಳೆ ತಂದು ಒಲೆಗೂ ಗೋಡೆಗೂ ನಡುವಿನ ಮೂಲೆಯಲ್ಲಿ ಹಾಸಿದಳು.

ಪ್ರತಿ ಅಕ್ಟೋಬರಿನಲ್ಲೂ ಅವನು ಈ ರಟ್ಟಿನ ಮೇಲೆ ಮಲಗುತ್ತಿದ್ದ. "ಒಲೆಗೆ ಎಣ್ಣೆ ಹಾಕ್ಬೇಕು," ಎಂದು ಹೇಳಿ ಹಿಂದಕ್ಕೆ ಹೋದವನು ತಾಸುಗಟ್ಟಲೆ ಹೊರಗೆ ಬರುತ್ತಿರಲಿಲ್ಲ. ಅಡಿಗೆಮನೆಯಲ್ಲಿ ತರ್ಕಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದುತ್ತ ಅವಳು "ಆಯ್ತಾ?" ಎಂದು ಕೂಗುತ್ತಿದ್ದಳು. "ಇನ್ನೂ ಎಣ್ಣೆ ಹಾಕ್ತಿದೀನಿ," ಎಂದು ಒಲೆಯ ಬೆನ್ನಿನಿಂದ ಉತ್ತರ ಬರುತ್ತಿತ್ತು. ಕೊನೆಗೆ ಮಸಿಯಾದ ಕೈ ತೋರಿಸುತ್ತ ಎದ್ದು ಬರುತ್ತಿದ್ದ. ಅವಳು ಬಿಸಿ ಸೂಪು ಕೊಡುತ್ತಿದ್ದಳು. ಹೆಚ್ಚು ಮಾತಿಲ್ಲದ ದಾಂಪತ್ಯ. ಪ್ರೀತಿಗೆ ಪುರಾವೆ ಎಂದು ಅವಳ ಬಳಿ ಇದ್ದದ್ದು ಆ ಎಣ್ಣೆಯೊಂದೇ. ಅಂತ್ಯಕ್ರಿಯೆಯಲ್ಲಿ ಪಾದ್ರಿ "ಅವನ ಕೈಗಳು ವಿಶ್ರಾಂತಿಯನ್ನು ಅರಿಯವು" ಎಂದಾಗ, ಇಡೀ ಪ್ರವಚನದಲ್ಲಿ ಆ ಒಂದು ವಾಕ್ಯಕ್ಕೆ ಅವಳು ತಲೆಯಾಡಿಸಿದ್ದಳು.

ಎಣ್ಣೆಯ ಸೀಸೆ ಅದರ ಜಾಗದಲ್ಲೇ, ಒಲೆಯ ಹಿಂದಿನ ಗೂಡಿನಲ್ಲಿತ್ತು. ಕೊರಿನ್ ಅದನ್ನು ತಲೆಕೆಳಗು ಮಾಡಿ ಒತ್ತಿದಳು. ಏನೂ ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಸೀಸೆ ಕುತ್ತಿಗೆಯವರೆಗೆ ತುಂಬಿತ್ತು. ಪ್ಲಾಸ್ಟಿಕ್ ಮೂತಿಯ ತುದಿಯನ್ನು ಯಾರೂ ಕತ್ತರಿಸಿರಲಿಲ್ಲ.

ಹೊಸದಿರಬೇಕು. ಆದರೆ ಬೆಲೆಚೀಟಿಯ ಮೇಲಿದ್ದ ಹೆಸರಿನ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಹಿಂಬದಿಯ ತಗಡು ತೆಗೆದು ಬ್ಲೋವರನ್ನು ಬಿಚ್ಚಿ ಹೊರಗೆಳೆದಳು. ಮೋಟಾರಿನ ಎರಡು ತುದಿಗಳಲ್ಲಿ ಎಣ್ಣೆ ಬಿಡುವ ರಂಧ್ರಗಳಿದ್ದವು. ಎರಡಕ್ಕೂ ರಬ್ಬರ್ ಮುಚ್ಚಳ. ಮುಚ್ಚಳದ ಮೇಲೂ ಸುತ್ತಲೂ ಕಾರ್ಖಾನೆಯ ಹಸಿರು ಬಣ್ಣ ಒಂದೇ ಪದರವಾಗಿ, ಬಿರುಕಿಲ್ಲದೆ ಒಣಗಿತ್ತು.

ಎರಡು ಆಧಾರವಾಕ್ಯಗಳು. ತೀರ್ಮಾನ ಬರೆಯದ ವಿದ್ಯಾರ್ಥಿಗೆ ಅವಳು ಅಂಕ ಕೊಡುತ್ತಿರಲಿಲ್ಲ.

ಹಾಗಾದರೆ ಆ ಮಸಿ? ಬೇಕೆಂದೇ ಕೈಗೆ ಸವರಿಕೊಂಡಿರಬೇಕು. ಪರವಾಗಿಲ್ಲ, ಶ್ರಮಪಟ್ಟಿದ್ದಾನೆ.

ಅವಳು ಕೆಲಸ ಮುಂದುವರಿಸಿದಳು. ಗಾಳಿಚಕ್ರದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಗಟ್ಟಿಯಾಗಿತ್ತು. ಅದರಲ್ಲಿ ನಾಯಿಯ ಕೂದಲು, ಬಹುಶಃ ಮನುಷ್ಯರದೂ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಲ್ಲವನ್ನೂ ಕೆರೆದು ತೆಗೆದಳು. ಚಾಕುವಿನ ಮೊನೆಯಿಂದ ಬಣ್ಣ ಸೀಳಿ ಮುಚ್ಚಳಗಳನ್ನು ಎಬ್ಬಿಸಿದಳು. ಸೀಸೆಯ ಮೂತಿ ಕತ್ತರಿಸಿ ಒಂದೊಂದು ರಂಧ್ರಕ್ಕೆ ಎರಡೆರಡು ಹನಿ ಬಿಟ್ಟಳು. ಇಷ್ಟು ವರ್ಷಗಳ ಬಾಕಿ ಇದೆಯೆಂದು ಹೆಚ್ಚು ಸುರಿಯುವಂತಿಲ್ಲ, ಬಿಸಿಯಾದಾಗ ಹೊಗೆಯಾಡುತ್ತದೆ. ಬೆರಳಿನಿಂದ ಚಕ್ರ ತಿರುಗಿಸಿದಳು. ಮೊದಲು ತಡವರಿಸಿತು, ಆಮೇಲೆ ಸಲೀಸಾಯಿತು. ಎಣ್ಣೆಯೇ ಕಾಣದ ಮೋಟಾರು ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ದುಡಿದಿತ್ತು. ಅದರ ಮೇಲೆ ಅವಳಿಗೆ ವಿನಾಕಾರಣ ಸಿಟ್ಟು ಬಂತು.

ಬ್ಲೋವರನ್ನೂ ತಗಡನ್ನೂ ಮತ್ತೆ ಕೂರಿಸಿ, ಮುಂದೆ ಹೋಗಿ ಒಲೆ ಹೊತ್ತಿಸಿ, ಹಿಂದಕ್ಕೆ ಬಂದು ಮಲಗಿ ಕಿವಿಗೊಟ್ಟಳು. ಬೆಂಕಿ ಹಿಡಿದು ಸ್ವಲ್ಪ ಹೊತ್ತಿಗೆ ಚಕ್ರ ತಿರುಗತೊಡಗಿತು. ಕಿರುಚಲಿಲ್ಲ. ಇನ್ನು ಅತ್ತೆಮನೆಯ ಆ ಕೋಣೆಗೆ ಹೋಗಬೇಕಾಗಿಲ್ಲ. ಅವಳು ಗೆದ್ದಿದ್ದಳು. ಅಡಿಗೆಮನೆಯ ಗಡಿಯಾರ ಕೇಳಿಸುತ್ತಿತ್ತು.

ಏಳಬೇಕಿತ್ತು. ಏಳದೆ, ಅವನು ಇಲ್ಲಿ ಏನು ನೋಡುತ್ತಿದ್ದ ಎಂದು ಹುಡುಕಿದಳು. ಬಣ್ಣ ಕಾಣದ ಹಲಗೆ, ಹಲಗೆಯಲ್ಲೊಂದು ಗಂಟು, ವೈರು. ಗೂಡಿನೊಳಗೆ ಕೈಯಾಡಿಸಿದಳು. ಒಂದು ಬ್ರಾಂದಿ ಬಾಟಲಿ ಸಿಕ್ಕಿದ್ದರೆ, ಇನ್ನೊಬ್ಬಳ ಫೋಟೋ ಸಿಕ್ಕಿದ್ದರೆ ಎಷ್ಟು ಮರ್ಯಾದೆಯಾಗಿರುತ್ತಿತ್ತು. ಏನೂ ಇರಲಿಲ್ಲ. ಅವಳನ್ನು ಬಿಟ್ಟು ಅವನು ಬಂದದ್ದು ಈ ಏನೂ ಇಲ್ಲದ್ದರ ಬಳಿಗೆ.

ಬಾಗಿಲು ತೆರೆದುಕೊಂಡಿತು. ಬೂಟುಗಳಿಂದ ಹಿಮ ಒದರುವ ಸದ್ದು.

"ಅತ್ತಿಗೇ, ಸದ್ದೇ ಇಲ್ವಲ್ಲಾ!" ರೊಸೇರನ ದನಿ. "ಏನ್ ಮಾಡಿದ್ರಿ, ಗುಂಡಿಟ್ಟು ಕೊಂದ್ರಾ?"

"ಎಷ್ಟು ಬೆಚ್ಚಗೆ ಬರ್ತಿದೆ ನೋಡೋ," ಎಂದಳು ಲಿಯೋನಿ. ಗಾಳಿಗೆ ಕೈಯೊಡ್ಡಿರಬೇಕು. "ಎಲ್ಲಾ ನನ್ನ ಮಗನ ಎಣ್ಣೆ. ವರ್ಷಾ ವರ್ಷಾ ಹಾಕಿದ್ದು ಎಲ್ಲಿಗೆ ಹೋಗತ್ತೆ!"

ಇವತ್ತೇ ಮೊದಲ ಸಲ ಕತ್ತರಿಸಿದ ಸೀಸೆಯ ಮೂತಿಯ ತುದಿ ಕೊರಿನ್‌ಳ ಅಂಗೈಯಲ್ಲಿತ್ತು. ಎದ್ದು ಹೋಗಿ ಅದನ್ನು ಅತ್ತೆಯ ಕೈಗೆ ಹಾಕಿದರೆ ಸಾಕು, ಆ ಮನೆಯಲ್ಲಿ ಹೊಸದೊಂದು ಅಳು ಶುರುವಾಗುತ್ತದೆ. ಈ ಸಲ ಬಹುಶಃ ತನ್ನ ಸರದಿಯೂ ಬರುತ್ತದೆ.

"ಎಲ್ಲಿದೀಯೇ? ಪ್ಲೋಯಿ ದೋಸೆ ತಂದಿದೀನಿ, ಆರಿಹೋಗತ್ತೆ. ಆಯ್ತಾ ನಿಂದು?"

"ಇನ್ನೂ ಎಣ್ಣೆ ಹಾಕ್ತಿದೀನಿ," ಎಂದಳು ಕೊರಿನ್. ಸಲೀಸಾಗಿ ಬಂತು.



"ಅವನೂ ಹೀಗೇ," ಎಂದಳು ಲಿಯೋನಿ. "ಚಿಕ್ಕವನಿದ್ದಾಗ ನಮ್ಮನೆ ಒಲೆ ಹಿಂದೂ ಹೀಗೇ. ಕರೆದ್ರೆ, ಎಣ್ಣೆ ಹಾಕ್ತಿದೀನಿ ಅನ್ನೋನು."

"ಆಗ ನಮ್ದು ಕಟ್ಟಿಗೆ ಒಲೆ ಅಲ್ವೇನಮ್ಮಾ? ಅದಕ್ಕೆಂಥಾ ಎಣ್ಣೆ?"

"ನೀ ಸುಮ್ನಿರೋ. ಕುರ್ಚಿ ಎಳಿ."

ಕುರ್ಚಿಗಳು ಒಲೆಯ ಮುಂದಕ್ಕೆ ಸರಿದವು. ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಬಿಸಿಗಾಳಿಯೆಲ್ಲ ಆ ಕಡೆಗಿತ್ತು. ಬ್ಲೋವರ್ ಅದಕ್ಕೆ ಬೇಕಾದ ಥಂಡಿಯನ್ನು ಈ ಕಡೆಯಿಂದ, ಅವಳ ಪಾದಗಳ ಮೇಲಿಂದ, ಕೋಟಿನ ಕೆಳಗಿಂದ ಸದ್ದಿಲ್ಲದೆ ಎಳೆದುಕೊಳ್ಳುತ್ತಿತ್ತು. ಕೆರೆದು ಬಿಸಾಡಿದ ಧೂಳಿನ ಒಂದು ಬೂದು ಎಳೆ ರಟ್ಟಿನ ಮೇಲಿಂದ ಎದ್ದು ಒಲೆಯ ಬೆನ್ನಿನ ಜಾಲರಿಗೆ ಹೋಗಿ ಅಂಟಿತು. ಒಳಗೆ ಹೋಗಲಿಲ್ಲ, ಕೆಳಗೆ ಬೀಳಲೂ ಇಲ್ಲ. ಅಲ್ಲೇ ನಡುಗುತ್ತಿತ್ತು.