ಬಾತುಕೋಳಿಯಿಲ್ಲದ ಊರು

ಅಪ್ಪನ ತಿಥಿಗೆ ಬಾತುಕೋಳಿ ಬೇಯಿಸದೆ ಇದ್ದದ್ದು ಆ ಮನೆಯಲ್ಲಿ ಅದೇ ಮೊದಲು. ಹಲ್ಲೆಲ್ಲ ಉದುರಿದ ಮೇಲೂ ಹುಳಿಬರಿಸಿದ ತೋಫುವಿನಲ್ಲಿ ಬೆಂದ ಬಾತುಕೋಳಿಯ ರಸವನ್ನು ಅನ್ನಕ್ಕೆ ಸುರಿದುಕೊಂಡು ಉಣ್ಣುತ್ತಿದ್ದ ಮನುಷ್ಯ ಆತ. ಮಗಳು ಥಾಮ್ ಈ ಸಲ ಅದೇ ಪಾತ್ರೆಯಲ್ಲಿ, ಅದೇ ಮಸಾಲೆಯಲ್ಲಿ, ಸೋಯಾ ಹಾಲಿನ ಕೆನೆಯನ್ನು ಸುತ್ತಿ ಮಡಿಸಿ ತುಂಡಿನ ಆಕಾರ ಕೊಟ್ಟು ಬೇಯಿಸಿದ್ದಳು. ಚರ್ಮದ ಸುಕ್ಕು ಕೂಡ ಹಾಗೇ ಬಂದಿತ್ತು. ಅದನ್ನು ಅಪ್ಪನ ಫೋಟೋದ ಮುಂದಿಟ್ಟು ಊದುಬತ್ತಿ ಹಚ್ಚಿದಳು. ಅದು ಉರಿದು ಬೂದಿಯಾಗುವವರೆಗೆ ಊಟ ಸತ್ತವನದು, ಬದುಕಿದವರು ಮುಟ್ಟುವಂತಿಲ್ಲ.

ಥಾಮ್ ಮಾಂಸ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಹುಣ್ಣಿಮೆ, ಅಮಾವಾಸ್ಯೆಗಷ್ಟೇ ಬಿಡುವ ಊರಿನಲ್ಲಿ ಅವಳು ವರ್ಷವಿಡೀ ಬಿಟ್ಟವಳು. ಗುಡಿಯ ಪಕ್ಕದ ಛತ್ರದಲ್ಲಿ ಬಡವರಿಗೆ ಬಡಿಸುವ ಸೌಟು ಅವಳ ಕೈಯದು, ಹಾಗಾಗಿ ಅವಳ ಮಾತೆಂದರೆ ಊರಿಗೆ ಊರೇ ತಲೆಯಾಡಿಸುತ್ತಿತ್ತು. ತಮ್ಮ ಖೋಯ್ ಮಾತ್ರ ಅಪ್ಪನ ಕಸುಬು ಹಿಡಿದವನು. ಕೊಯ್ಲಾದ ಗದ್ದೆಯಿಂದ ಗದ್ದೆಗೆ ಬಾತುಕೋಳಿಗಳ ಹಿಂಡು ನಡೆಸಿಕೊಂಡು, ಉದುರಿದ ಕಾಳನ್ನೂ ಬಸವನಹುಳುಗಳನ್ನೂ ತಿನ್ನಿಸಿ, ಮೊಟ್ಟೆ ಮಾರಿ ಬದುಕುತ್ತಿದ್ದ.

ಹೋದ ವರ್ಷ ಪರದೇಶದ ಅಕ್ಕಿ ಕಂಪನಿಯವರು ಹತ್ತಿರದ ಪಟ್ಟಣ ಚೌ ಡೊಕ್‌ನಿಂದ ಕಾಲುವೆ ಹಿಡಿದು ದೋಣಿಯಲ್ಲಿ ಬಂದರು. ದನಗಳ ಮೇವು ಬೆಳೆಯಲು ಕಾಡು ಕಡಿಯುತ್ತಿದ್ದಾರೆ, ಕೋಳಿ ಶೆಡ್ಡುಗಳ ಹೊಲಸು ನದಿ ಸೇರುತ್ತಿದೆ, ಜಗತ್ತು ಮಾಂಸ ಬಿಟ್ಟರೆ ಭೂಮಿ ಉಳಿದೀತು ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗದ್ದೆಗೆ ಯಾವ ಪ್ರಾಣಿಯೂ ಇಳಿಯದ ಊರಿನ ಅಕ್ಕಿ ಕೊಳ್ಳಲು ದೊಡ್ಡ ಪೇಟೆಗಳಲ್ಲಿ ಜನ ಕಾಯುತ್ತಿದ್ದಾರೆ, ಒಪ್ಪುವವರು ಕೈ ಎತ್ತಿ ಎಂದರು. ಥಾಮ್ ಮೊದಲು ಎತ್ತಿದಳು. ಅವಳ ಕೈ ನೋಡಿ ಉಳಿದ ಕೈಗಳೂ ಮೇಲೆದ್ದವು. ಖೋಯ್ ಆಗ ಹಿಂಡಿನ ಜೊತೆ ಬೇರೆ ಜಿಲ್ಲೆಯಲ್ಲಿದ್ದ. ತಿರುಗಿ ಬಂದಾಗ ಅವನ ಬಾತುಕೋಳಿಗಳಿಗೆ ಸ್ವಂತ ಊರಿನಲ್ಲಿ ಕಾಲೂರಲು ಒಂದು ಗದ್ದೆ ಇರಲಿಲ್ಲ. ಇಡೀ ಹಿಂಡನ್ನು ಶೆಡ್ಡಿನವನೊಬ್ಬ ಕೊಂಡು ಲಾರಿಗೆ ತುಂಬಿಕೊಂಡು ಹೋದ.

ಮುಂದಿನ ಬಿತ್ತನೆಗೆ ಬಸವನಹುಳುಗಳು ಎದ್ದವು. ತಿನ್ನುವವರಿಲ್ಲದೆ ಹೆಚ್ಚಿದ ಹುಳುಗಳು ಎಳೆ ಪೈರನ್ನು ನೀರಿನ ಮಟ್ಟಕ್ಕೆ ಬೋಳಿಸಿದವು. ವಿಷದ ಹರಳು ಹಾಕಬಹುದೇ ಎಂದು ಕಂಪನಿಯ ಹುಡುಗಿಯನ್ನು ಕೇಳಿದರೆ, "ನಮ್ಮ ನಿಯಮ ಪ್ರಾಣಿ ಸಾಕೋದರ ಬಗ್ಗೆ ಮಾತ್ರ, ಔಷಧದ ಬಗ್ಗೆ ಅಲ್ಲ," ಎಂದಳು. ಎಲ್ಲರೂ ಹಾಕಿದರು. ಥಾಮ್ ಕೂಡ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಛತ್ರದಲ್ಲಿ ಸೌಟು ಹಿಡಿಯುವ ಕೈಯಿಂದಲೇ ತನ್ನ ಗದ್ದೆಗೆ ಎರಚಿದಳು. ಅನ್ನಕ್ಕೆ ಮುತ್ತಿದ ಇರುವೆಯನ್ನು ಊದಿ ಓಡಿಸುತ್ತಿದ್ದವಳು!

ಊದುಬತ್ತಿ ಅರ್ಧ ಉರಿದಿತ್ತು. ಪಕ್ಕದ ಮನೆಯ ಕಿಯೆಟ್ ಮಾವ ಹೊಟ್ಟೆ ಸವರಿಕೊಂಡು ಗೋಳಾಡಿದ. "ನಿಮ್ಮಪ್ಪ ಬದುಕಿದ್ದಾಗ ಗಬಗಬ ಉಣ್ತಿದ್ದ. ಸತ್ತ ಮೇಲೆ ಯಾಕಮ್ಮ ಇಷ್ಟು ನಿಧಾನ?"

"ಹಲ್ಲಿಲ್ಲ ಅಲ್ವಾ ಮಾವ, ಅಗಿಯೋದು ಬೇಡ್ವಾ?" ಎಂದಳು ಥಾಮ್. ಎಲ್ಲರೂ ನಕ್ಕರು.

ಆಗ ಖೋಯ್ ಒಂದು ಬಟ್ಟಲು ಹಿಡಿದು ಒಳಗೆ ಬಂದು ಅದನ್ನು ಅಪ್ಪನ ಮುಂದಿಟ್ಟ. ಗದ್ದೆಯ ವಿಷ ಇಳಿದ ಕಾಲುವೆಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳು, ಜೊತೆಗೆ ಒಂದು ಕಪ್ಪೆ.

"ತೆಗಿಯೋ ಅದನ್ನ! ಇವತ್ತು ಈ ಮನೇಲಿ ಮೀನು ಇಡಲ್ಲ ಅಂತ ಗೊತ್ತಿಲ್ವಾ?"

"ಇರಲಿ ಬಿಡು ಅಕ್ಕ. ಇದನ್ನ ಯಾರೂ ತಿನ್ನೋ ಹಾಗಿಲ್ಲ. ಯಾರೂ ತಿನ್ನದೇ ಇದ್ರೆ ಇದೂ ಸಸ್ಯಾಹಾರವೇ ತಾನೆ?"

ಕಿಯೆಟ್ ಮಾವ ಹೊಟ್ಟೆ ಸವರುವುದನ್ನು ನಿಲ್ಲಿಸಿದ.

"ಮಾಂಸ ಬಿಟ್ರೆ ಭೂಮಿಗೆ ಒಳ್ಳೇದು ಅನ್ನೋದು ಸುಳ್ಳಾ? ಹೇಳು ನೋಡೋಣ," ಎಂದಳು ಥಾಮ್, ದನಿ ಏರಿಸಿ.

"ಸುಳ್ಳು ಅಂತ ನಾನೆಲ್ಲಿ ಅಂದೆ? ಶೆಡ್ಡು ಹಾಕಿದೋರು ಶೆಡ್ಡು ಮುಚ್ಚಲಿ, ಕಾಡು ಕಡಿದೋರು ನಿಲ್ಲಿಸಲಿ. ನನ್ನ ಬಾತುಕೋಳಿ ಯಾವ ಕಾಡು ಕಡೀತು? ಹುಳು ತಿಂತಿತ್ತು, ಗೊಬ್ಬರ ಹಾಕ್ತಿತ್ತು." ಅವನ ದನಿ ಇಳಿಯಿತು. "ನಾಡಿದ್ದು ಕಂಪನಿಯೋರು ಪ್ರಾಣಿ ಇಳಿಯದ ಊರು ಅಂತ ಫಲಕ ಹಾಕೋಕೆ ಬರ್ತಾರೆ. ನೀನು ಕೈ ಎತ್ತಿದ್ದಕ್ಕೆ ಎಲ್ಲರೂ ಎತ್ತಿದ್ರು. ತಪ್ಪಾಯ್ತು, ಗದ್ದೆಗೆ ಬಾತುಕೋಳಿ ಬೇಕು ಅಂತ ನೀನೇ ಹೇಳು. ನೀನು ಹೇಳಿದ್ರೆ ಕೇಳ್ತಾರೆ. ನಾನು ಊರಲ್ಲೇ ಇರ್ತೀನಿ. ಇಲ್ಲಾಂದ್ರೆ ದೂರದ ಬಿನ್ ಯೂಂಗ್‌ಗೆ ಹೋಗ್ತೀನಿ, ಅಲ್ಲೊಂದು ಬಾತುಕೋಳಿ ಶೆಡ್ಡಲ್ಲಿ ಕೆಲಸ ಇದೆ."

ಇಡೀ ಮನೆ ಥಾಮ್ ಕಡೆಗೆ ನೋಡಿತು. ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಬಟ್ಟಲಿನ ಕಪ್ಪೆಯ ಬಿಳಿ ಹೊಟ್ಟೆ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಆದರೆ ಕಂಪನಿಯವರು ಅವಳ ಫೋಟೋ ತೆಗೆದುಕೊಂಡು ಹೋಗಿದ್ದರು. ಪರದೇಶಕ್ಕೆ ಹೋಗುವ ಅಕ್ಕಿ ಚೀಲದ ಮೇಲೆ ಶಂಕುವಿನಾಕಾರದ ಟೋಪಿ ಹಾಕಿಕೊಂಡು ನಗುತ್ತಿದ್ದ ಮುಖ ಅವಳದೇ. ಇಪ್ಪತ್ತು ವರ್ಷದ ಪುಣ್ಯಕ್ಕೆ ಸಿಕ್ಕ ಮುಖ ಅದು. ಅದನ್ನು ತನ್ನ ಕೈಯಾರೆ ಅಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಪುಣ್ಯದ ಹೆಮ್ಮೆ ಬಿಡುವುದು ಮಾಂಸ ಬಿಡುವುದಕ್ಕಿಂತ ಕಷ್ಟ ಎಂದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ತಿಳಿದರೂ ಬಾಯಿ ಬಿಡಲಿಲ್ಲ.

ಊದುಬತ್ತಿಯ ಕೊನೆಯ ಬೂದಿ ಉದುರಿತು.

"ಏಳಿ, ಊಟಕ್ಕೆ ಕೂತ್ಕೊಳಿ," ಎಂದಳು ಥಾಮ್.

ಸದ್ಯ ಪಾರಾದೆವು ಎಂಬಂತೆ ಜನ ಚಾಪೆಯ ಮೇಲೆ ಕೂತರು. ಕಿಯೆಟ್ ಮಾವ ಸೋಯಾ ಕೆನೆಯ ತುಂಡು ಅಗಿದು, "ಅಬ್ಬ, ಥೇಟ್ ಬಾತುಕೋಳಿನೇ ಕಣಮ್ಮ!" ಎಂದ. ಖೋಯ್ ಬಟ್ಟಲನ್ನೆತ್ತಿಕೊಂಡ. ಮೂಲೆಯಲ್ಲಿ ಒರಗಿಸಿದ್ದ, ಹಿಂಡು ತಿರುಗಿಸಲು ಅಪ್ಪ ಹಿಡಿಯುತ್ತಿದ್ದ ಬಿದಿರುಗೋಲನ್ನು ಒಮ್ಮೆ ಮುಟ್ಟಿದ. ಅದನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮಳೆಗಾಲ ಕಳೆದ ಮೇಲೆ ಬಿನ್ ಯೂಂಗ್‌ನಿಂದ ಅವನ ಫೋನ್ ಬಂತು. ಅವನ ಬೆನ್ನ ಹಿಂದಿನ ಬಾತುಕೋಳಿಗಳ ಗದ್ದಲಕ್ಕೆ ಮಾತೇ ಕೇಳುತ್ತಿರಲಿಲ್ಲ. ಕಂಪನಿಯ ಹಸಿರು ಫಲಕದ ಕೆಳಗೆ ನಿಂತಿದ್ದ ಥಾಮ್ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇಲ್ಲಿ ಬಾತುಕೋಳಿಗೆ ಈಜೋದು ಗೊತ್ತಿಲ್ಲ ಅಕ್ಕ. ಹುಟ್ಟಿದಾಗಿಂದ ಸಿಮೆಂಟೇ ಕಂಡಿರೋದು. ಇದರ ಹೊಲಸೆಲ್ಲ ನದಿಗೇ ಬಿಡ್ತಾರೆ. ನಾನೇ ಬಿಡ್ತೀನಿ, ಪೈಪ್ ಹಿಡಿದು. ನಮ್ಮ ಕಾಲುವೆ ಹೇಗಿದೆ?"

ಥಾಮ್ ಕಾಲುವೆಯ ಕಡೆ ನೋಡಿದಳು.

"ತಿಳಿಯಾಗಿದೆ ಕಣೋ," ಎಂದಳು.

ಅದು ನಿಜವೇ. ನೀರನ್ನು ಕದಡಲು ಅದರಲ್ಲಿ ಏನೂ ಉಳಿದಿರಲಿಲ್ಲ.