ಕರಿಮುಖದ ಗೊಂಬೆ

"ಇದು ನಮ್ಮ ಗೊಂಬಿ ಅಲ್ಲೋ, ಮಾಂತು."

ಕಾಶಪ್ಪ ಪಿಂಗಾಣಿ ಗೊಂಬೆಯನ್ನು ತಮ್ಮ ಹಳೇ ಸಾಮಾನಿನ ಅಂಗಡಿಯ ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಲೋಣಾವಳೆಯ ಹಳೆಯ ಬಂಗಲೆಯೊಂದರಿಂದ ತಂದದ್ದು. ಮಾಡಿದ್ದು ಜರ್ಮನಿಯಲ್ಲಿ, ವೇಷ ಮಾತ್ರ ಇಟಲಿಯ ನಾಟಕದ ಕೋಡಂಗಿಯದು: ಮೈತುಂಬ ಬಣ್ಣಬಣ್ಣದ ಚೌಕಳಿ ಅಂಗಿ, ಕೈಯಲ್ಲಿ ಕೋಲು, ಮೂಗಿನವರೆಗೆ ಕರಿ ಬಣ್ಣ ಬಳಿದ ಮುಖವಾಡ. ಆ ಮುಖವಾಡವೇ ಈಗ ಇರಲಿಲ್ಲ. ಬೆಳ್ಳಗಿನ ಮುಖ ಹಲ್ಲು ಕಿರಿಯುತ್ತಿತ್ತು.

ಅಂಗಡಿಯಲ್ಲಿಟ್ಟರೆ ಯಾರಾದರೂ ಎಗರಿಸಿಯಾರೆಂದು ಕಾಶಪ್ಪ ಅದನ್ನು ಮನೆಯ ದೇವರ ಜಗುಲಿಯ ಮೇಲಿಟ್ಟಿದ್ದ. ಗಿರಾಕಿ ಬರುತ್ತಾರೆಂದು ಇವತ್ತು ಮಾಂತು ಅದನ್ನು, ಮನೆಯಲ್ಲಿ ಬಟ್ಟೆ ಸುತ್ತಿ ಕೊಟ್ಟ ಹಾಗೆಯೇ, ಸ್ಕೂಟರಿನಲ್ಲಿ ತಂದಿದ್ದ. ಇಬ್ಬರೂ ಇಂಡಿ ಕಡೆಯವರು, ಪುಣೆಗೆ ಬಂದಾಗಿನಿಂದ ಒಂದೇ ಡಬ್ಬಿಯಲ್ಲಿ ಉಂಡವರು. ಅಂಗಡಿಯೂ ಇಬ್ಬರದೇ. ಆದರೆ ಅನುಮಾನ ಹೊಕ್ಕ ತಲೆಗೆ ಇದೆಲ್ಲ ಎಲ್ಲಿ ನೆನಪಾಗಬೇಕು!

"ಇಷ್ಟೊತ್ತು ಎಲ್ಲಿದ್ದಿ?"

"ಮಳಿ ಭಾಳ ಇತ್ತಣ್ಣಾ. ಬ್ರಿಜ್ಜಿನ ಕೆಳಗ ನಿಂತಿದ್ದೆ."

"ಯಾರ ಜೋಡಿ?"

ಮಾಂತು ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಎಂದುಕೊಂಡ ಕಾಶಪ್ಪ. ಅಂದುಕೊಂಡು ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಇರಬೇಕಲ್ಲ!

"ಖರೇದು ಎಲ್ಲಿ ಮಾರಿ ಬಂದಿ, ಹೇಳು."

ಮಾಂತು ಅಂಗಡಿಯ ಕೀಲಿಕೈಯನ್ನು ಗೊಂಬೆಯ ಪಕ್ಕದಲ್ಲಿಟ್ಟು ಮಳೆಯಲ್ಲೇ ಹೊರಟುಹೋದ.

ಮಧ್ಯಾಹ್ನ ಕಾಶಪ್ಪ ಮನೆಗೆ ಬಂದು ಉಣ್ಣಲು ಕುಳಿತಾಗ ತಾಯಿ ಶಿವಗಂಗವ್ವ ಬಡಿಸುತ್ತ ಕೇಳಿದಳು, "ನಿನ್ನ ಗೊಂಬಿ ಈಗ ಚಂದ ಕಾಣ್ತದಿಲ್ಲೋ? ಶ್ರಾವಣ ಸೋಮಾರ ಅಂತ ನಸುಕಿನ್ಯಾಗ ದೇವರ ಸಾಮಾನೆಲ್ಲಾ ತಿಕ್ಕಿದೆ. ಅದರ ಮಾರಿಗೂ ದೀಪದ ಮಸಿ ಹತ್ತಿತ್ತು, ಪಾಪ. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಕೈ ಸೋತ್ವು ನೋಡು."

ಕಾಶಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಎದ್ದು ಕೈ ತೊಳೆದವನೇ ನಿಗಡಿಯಲ್ಲಿದ್ದ ಮಾಂತುವಿನ ಮನೆಗೆ ಓಡಿದ. ನಾಚಿಕೆಯಿಂದ ಸತ್ತಂತಾಗಿತ್ತು.

ಮಾಂತುವಿನ ಹೆಂಡತಿ ಸಪ್ನಾ ಬಾಗಿಲನ್ನು ಅರ್ಧ ತೆರೆದಳು. "ಬರ್ರಿ ಭಾವಾರ, ಚಹಾ ಇಡ್ತೀನಿ" ಎಂದು ಯಾವಾಗಲೂ ಅನ್ನುವವಳು ಇವತ್ತು ಅನ್ನಲಿಲ್ಲ.

"ತಪ್ಪು ನಂದವ್ವಾ. ನಮ್ಮವ್ವ ಆ ಗೊಂಬಿ ಮಾರಿ ಬಣ್ಣ ತೊಳದಿದ್ಲು. ಅವನ್ನ ಒಂದೀಟು ಕರಿ, ಕೈ ಮುಗಿದು ಹೇಳ್ತೀನಿ."

"ಅವ್ರು ಮನ್ಯಾಗ ಇಲ್ರಿ."

ಹೊಸ್ತಿಲ ಬದಿಯಲ್ಲಿ ಮಾಂತುವಿನ ಚಪ್ಪಲಿಗಳಿದ್ದವು, ಇನ್ನೂ ಒದ್ದೆ. ಕಾಶಪ್ಪ ಅವುಗಳ ಪಕ್ಕದಲ್ಲೇ ತನ್ನವನ್ನು ಬಿಟ್ಟಿದ್ದ. ತನ್ನ ಚಪ್ಪಲಿಗಳನ್ನು ಮತ್ತೆ ಮೆಟ್ಟಿಕೊಂಡು ತಿರುಗಿ ಹೊರಟ.