ಮೂರೋ ಎಂಟೋ

ಎದುರು ಕಟ್ಟಡದ ಮೂರನೇ ಮಹಡಿಯ ಗೋಡೆ ಮೇಲೆ ಹರಿಯುವ ಇರುವೆಗೆ ಎಷ್ಟು ಕಾಲು ಎಂದು ಸ್ಟಾಫ್ ರೂಮಿನ ಕುರ್ಚಿ ಬಿಟ್ಟೇಳದೆ ಎಣಿಸಿ ಹೇಳುವ ಕಣ್ಣು ಅವನದು. ಇರುವೆ ಸಾಲಿನಲ್ಲಿ ಒಂದಕ್ಕೆ ಐದೇ ಕಾಲು ಇರುವುದನ್ನು ಲೋಕದಲ್ಲಿ ಮೊದಲು ಕಂಡವನೂ ಅವನೇ. ಯಾರೂ ನಂಬಲಿಲ್ಲ. ಅದು ಇರುವೆಯ ತಪ್ಪಲ್ಲ.

ಅಂಥ ಕಣ್ಣಿನ ಮುಂದೆ ಬೆಳಗ್ಗೆಯಿಂದ ಒಂದು ಕಾಗದ ಕೂತಿತ್ತು. ಹೊರದೇಶದ ಒಂದು ಶಾಲೆ ಅವನನ್ನು ಭೌತಶಾಸ್ತ್ರ ಕಲಿಸಲು ಕರೆದಿತ್ತು. ಸಂಜೆ ಐದರೊಳಗೆ ಸಹಿ ಮಾಡಿ ಕಳಿಸಬೇಕು, ಇಲ್ಲದಿದ್ದರೆ ಬೇರೆಯವರ ಪಾಲು. ಮೊದಲ ಪುಟದಲ್ಲಿ ಸಂಬಳವನ್ನು ಮೈಕಿನಲ್ಲಿ ಕೂಗಿದಂತೆ ದಪ್ಪಕ್ಷರದಲ್ಲಿ ಹಾಕಿದ್ದರು. ಎರಡನೇ ಪುಟದಲ್ಲಿ ಕಡಿತಗಳಿದ್ದವು, ಪಕ್ಕದ ಮನೆಯವರ ಪಿಸುಮಾತಿನ ಹಾಗೆ.

"ಕೈಗೆ ಎಷ್ಟು ಬರುತ್ತೆ ಸಾರ್?" ಕಾಮರ್ಸ್ ಮೇಷ್ಟ್ರು ಕೇಳಿದರು.

"ಕೈ ಸಾಲಲ್ಲ. ಗೋಣಿಚೀಲ ಹೊಲಿಸೋಕೆ ಕೊಟ್ಟಿದೀನಿ."

"ತೆರಿಗೆ?"

"ನೂರಕ್ಕೆ ಹದಿಮೂರು. ಅದನ್ನೂ ತುಂಬಾ ಸಂಕೋಚಪಟ್ಟುಕೊಂಡು ತಗೋತಾರಂತೆ."

"ಹದಿಮೂರಾ? ಯಾವ ದೇವಲೋಕ ಸಾರ್ ಅದು? ಕೊಡಿ ಇಲ್ಲಿ, ನೋಡೋಣ."

ಅವನು ಕಾಗದ ಮಡಚಿ ಜೇಬಿಗಿಟ್ಟ. "ಗೋಪ್ಯ."

"ಒಂಟಿ ಮನುಷ್ಯನಿಗೂ ಅಷ್ಟೇನಾ?"

"ನಾನೆಲ್ಲಿ ಒಂಟಿ? ನನ್ನ ಸಂಬಳದ ಮೇಲೆ ಹದಿನಾಲ್ಕು ಜನ ಬದುಕ್ತಿದಾರೆ."

"ಈ ತಿಂಗಳದ್ದು ಬಂತಾ?"

ಬೆಲ್ ಹೊಡೆಯಿತು. ಹನ್ನೊಂದು ವರ್ಷದಲ್ಲಿ ಆ ಬೆಲ್ ಅವನಿಗೆ ಮಾಡಿದ ಉಪಕಾರ ಬರೆಯಲು ಕೂತರೆ ಶಾಯಿ ಸಾಲದು.

ಹನ್ನೊಂದು ವರ್ಷವೂ ಅವನು ಹಂಗಾಮಿ. ಪಾಠ ಮಾಡಿದ ಗಂಟೆಗೆ ಮಾತ್ರ ದುಡ್ಡು, ಅದೂ ಆಡಳಿತದವರಿಗೆ ನೆನಪಾದಾಗ. ರಜೆ ಬಂದರೆ ಮಕ್ಕಳೆಲ್ಲ ಕುಣಿಯುತ್ತಿದ್ದರು. ಅವನೂ ನಗುತ್ತಿದ್ದ, ತುಟಿಯಿಂದ.

ಆ ದಿನದ ಪಾಠ ಮಸೂರ. ಬೋರ್ಡಿನ ಮೇಲೆ ಮಸೂರ ಬರೆದ, ಅದರೊಳಗಿಂದ ಮೂರು ಕಿರಣ ಹಾಯಿಸಿದ, ಅವು ಬಂದು ಸೇರುವ ಬಿಂದುವನ್ನು ಸೀಮೆಸುಣ್ಣದಿಂದ ಒತ್ತಿ ಗುರುತಿಸಿದ.

"ಸಾರ್, ಗೆರೆಗಳು ಸೇರೇ ಇಲ್ಲ," ಮುಂದಿನ ಬೆಂಚಿನ ಹುಡುಗಿ ಹೇಳಿದಳು. "ಬಿಂದು ಒಂದು ಕಡೆ ಇದೆ, ಗೆರೆ ಇನ್ನೊಂದು ಕಡೆ ಹೋಗಿವೆ."

"ವಿದೇಶಿ ಮಸೂರ ಕಣಮ್ಮ. ಅಲ್ಲಿ ಹಾಗೇ."

ತರಗತಿ ನಕ್ಕಿತು. ಅವನು ತಿರುಗಿ ಬೋರ್ಡು ನೋಡಿದ. ಅವನ ಕಣ್ಣಿಗೆ ಗೆರೆಗಳು ಸೇರಿಯೇ ಇದ್ದವು.

ಮಧ್ಯಾಹ್ನ ಅಕ್ಕ ಕೆಲಸ ಮಾಡುವ ಕನ್ನಡಕದ ಅಂಗಡಿಯತ್ತ ನಡೆಯುತ್ತ ಲೆಕ್ಕವನ್ನು ನಾನೂರನೇ ಸಲ ಹಾಕಿದ. ತೆರಿಗೆ ಹದಿಮೂರು, ಪಿಂಚಣಿ ಮೂರು, ವಿಮೆ ಮೂರು. ಉಳಿದದ್ದರಲ್ಲಿ ಬಾಡಿಗೆ, ಊಟ, ಬಸ್ಸು ಕಳೆದರೆ ಕೈಯಲ್ಲಿ ನಿಲ್ಲುವುದು ಅಕ್ಕನ ಒಂದು ತಿಂಗಳ ಸಂಬಳದಷ್ಟು. ಸರಿಯಾಗಿ ಅಷ್ಟೇ. ಮೊದಲ ಸಲ ಆ ಮೊತ್ತ ಬಂದಾಗ ಅವನು ಪೆನ್ನು ಕೆಳಗಿಟ್ಟಿದ್ದ. ಇಪ್ಪತ್ತೆರಡು ವರ್ಷದಿಂದ ಅಕ್ಕ ಆ ಕನ್ನಡಕದ ಅಂಗಡಿಯಲ್ಲಿ ನಿಂತೇ ಇದ್ದಾಳೆ. ಅವನ ಕಾಲೇಜು, ಅವನ ಅಂಗಿ, ಅವನು ಸ್ಟಾಫ್ ರೂಮಿನಲ್ಲಿ ದೊಡ್ಡ ಮನಸ್ಸಿನಿಂದ ಎಲ್ಲರಿಗೂ ಕೊಡಿಸುವ ಕಾಫಿ, ಎಲ್ಲವೂ ಆ ನಿಂತ ಕಾಲಿನಿಂದ ಬಂದವು. ಇನ್ನು ಮೇಲೆ ತಿಂಗಳಿಗೆ ಅಷ್ಟು ಕಳಿಸಿದರೆ ಅವಳು ಕೂರಬಹುದು.

ತೊಡಕು ಒಂದೇ. ಹದಿಮೂರರ ತೆರಿಗೆ ಅವಲಂಬಿತರು ಇರುವವರಿಗೆ ಮಾತ್ರ. ಇಲ್ಲದವರಿಗೆ ಅದರ ಎರಡರಷ್ಟು. ಅವಲಂಬಿತರೇ ಸಹಿ ಮಾಡಬೇಕು: 'ನಾನು ಈತನ ಸಂಪಾದನೆಯಿಂದ ಜೀವಿಸುತ್ತಿದ್ದೇನೆ.'

ಅಂಗಡಿಯಲ್ಲಿ ಯಜಮಾನರು ಊಟಕ್ಕೆ ಹೋಗಿದ್ದರು. ಅಕ್ಕ ತಿರುಗುವ ಕಲ್ಲಿಗೆ ಗಾಜು ಹಿಡಿದು ಅಂಚು ಸವೆಸುತ್ತಿದ್ದಳು.

"ಊಟ ಆಯ್ತಾ?"

"ಓ, ಭರ್ಜರಿ. ಹದಿನೆಂಟು ಬಗೆ."

"ಡಬ್ಬಿ ಮನೇಲೇ ಬಿಟ್ಟು ಹೋಗಿದೀಯ."

ಕಲ್ಲು ನಿಲ್ಲಿಸದೆ, ಮೊಣಕೈಯಿಂದ ತನ್ನ ಡಬ್ಬಿಯನ್ನು ಅವನತ್ತ ತಳ್ಳಿದಳು. ಅರ್ಧ ಹಾಗೇ ಇತ್ತು. ಇವತ್ತು ಉಳಿದದ್ದೋ, ಯಾವತ್ತೂ ಉಳಿಸುವುದೋ, ಅವನು ಕೇಳಲಿಲ್ಲ. ತಿಂದ.

ಕೈ ತೊಳೆದು ಕಾಗದ ಕೊಟ್ಟ. ಅವಳು ಕಲ್ಲು ನಿಲ್ಲಿಸಿ, ಗಟ್ಟಿಯಾಗಿ ಓದಿದಳು. 'ಜೀವಿಸುತ್ತಿದ್ದೇನೆ' ಬಂದಾಗ ಅವಳ ದನಿ ಒಡೆದು ನಗುವಾಯಿತು. ಡ್ರಾಯರ್ ಎಳೆದು ಒಂದು ಕಾರ್ಡು ತೆಗೆದಳು. ಅಂಗಡಿಯವರು ಮಾಡಿಸಿಕೊಟ್ಟ ಆಸ್ಪತ್ರೆ ವಿಮೆಯದು. ಅವಲಂಬಿತರು: ತಮ್ಮ, ಒಬ್ಬ.

"ಇಪ್ಪತ್ತೆರಡು ವರ್ಷದಿಂದ ನೀನು ನನ್ನ ಹೆಗಲ ಮೇಲೆ ಕೂತಿದೀಯ. ಈಗ ನಾನೂ ನಿನ್ನ ಹೆಗಲ ಮೇಲೆ ಕೂತ್ರೆ, ನೆಲಕ್ಕೆ ಕಾಲು ಊರಿರೋರು ಯಾರೋ?"

"ಇವತ್ತು ಸುಳ್ಳು ಅಕ್ಕ. ನಾನು ಹೋದ್ಮೇಲೆ ನಿಜ ಆಗುತ್ತೆ. ತಿಂಗಳಿಗೆ ನಿನ್ನ ಸಂಬಳದಷ್ಟೇ ಕಳಿಸ್ತೀನಿ. ಲೆಕ್ಕ ಹಾಕಿದೀನಿ. ನೀನು ಈ ಕೆಲಸ ಬಿಡಬಹುದು."

ಗಿರಾಕಿಗಳಿಗೆಂದು ಇಟ್ಟ ಸ್ಟೂಲು ಎಳೆದುಕೊಂಡು ಕೂತಳು. ಆ ಅಂಗಡಿಯಲ್ಲಿ ಅವಳು ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲು. ಅವಳ ಚಪ್ಪಲಿಯ ಹಿಮ್ಮಡಿ ಒಂದೇ ಬದಿಗೆ ಸವೆದಿತ್ತು.

"ಎಷ್ಟು ಹಿಡ್ಕೋತಾರೆ?"

"ಹದಿಮೂರು. ಮತ್ತೆ ಮೂರು, ಮೂರು."

ಅವಳು ಎರಡನೇ ಪುಟ ನೋಡಿದಳು. ಹತ್ತಿರ ತರಲೂ ಇಲ್ಲ, ದೂರ ಹಿಡಿಯಲೂ ಇಲ್ಲ.

"ಹದಿನೆಂಟು ಕಣೋ ಇದು."

"ಹದಿಮೂರು."

"ಎಂಟು. ಮೂರು ಸಾಲಲ್ಲೂ ಎಂಟೇ ಇರೋದು."

ಬಿಲ್ ಪುಸ್ತಕದ ಹಿಂದೆ ಅವಳೇ ಕಳೆದಳು. ಅವಳ ಪೆನ್ಸಿಲ್ಲು ಕೆಳಗಿಳಿದ ಹಾಗೆ ಮೊತ್ತ ಚಿಕ್ಕದಾಗುತ್ತ ಬಂತು, ಎದುರಿನ ಗೋಡೆಯ, ಕಣ್ಣು ಪರೀಕ್ಷಿಸುವ ಅಕ್ಷರದ ಬೋರ್ಡಿನ ಹಾಗೆ: ಮೇಲೆ ಒಂದೇ ದಪ್ಪ ಅಕ್ಷರ, ತಳದಲ್ಲಿ ಏನೋ.

"ನಿನ್ನ ಖರ್ಚು ಕಳೆದು ತಿಂಗಳಿಗೆ ಒಂದು ಕನ್ನಡಕ ಕೊಳ್ಳೋಷ್ಟು ಉಳಿಯುತ್ತೆ. ಸಾದಾ ಫ್ರೇಮು."

ಅವಳು ಸ್ಟೂಲಿನಿಂದ ಎದ್ದಳು. ಅದನ್ನು ಮೊದಲಿದ್ದ ಜಾಗಕ್ಕೇ ಸರಿಸಿಟ್ಟಳು.

"ಎಲ್ಲಿ ಹಾಕಬೇಕು ಸಹಿ?"

"ಬೇಡ ಅಕ್ಕ. ಇನ್ನು ಅದು ಸುಳ್ಳಾಗೇ ಉಳಿಯುತ್ತೆ."

"ಇಷ್ಟು ವರ್ಷ ಮನೇಲಿ ನಿನ್ನ ಬುರುಡೆ ಕೇಳ್ಕೊಂಡೇ ನಾನು ಬದುಕಿರೋದು. ಅಷ್ಟು ನಿಜ ಸಾಕು." ಸಹಿ ಹಾಕಿದಳು. ದುಂಡಗೆ, ನಿಧಾನಕ್ಕೆ. "ಅಲ್ಲಿ ತಿಂಗಳಾ ತಿಂಗಳಾ ಕೊಡ್ತಾರಲ್ಲ? ಹೋಗು."

"ಥ್ಯಾಂಕ್ಸ್."

"ಗಿರಾಕಿ ತರ ಆಡಬೇಡ."

ಇನ್ಯಾವ ಪದವಿತ್ತು? ಹನ್ನೊಂದು ವರ್ಷ ಮಾತನ್ನೇ ಉಬ್ಬಿಸಿ ತಿಂದವನಿಗೆ, ಇದ್ದಷ್ಟೇ ಅಳತೆಯ ಒಂದು ಮಾತು ಸಿಗಲಿಲ್ಲ.

"ಹೇಗೂ ಬಂದಿದೀಯ, ಆ ಕುರ್ಚಿ ಮೇಲೆ ಕೂತ್ಕೋ," ಎಂದಳು ಅಕ್ಕ.

"ನನ್ನ ಕಣ್ಣಿಗೇನಾಗಿದೆ? ಹದ್ದು ಬಂದು ಟ್ಯೂಷನ್ ಕೇಳುತ್ತೆ."

"ಕೂತ್ಕೋ ಅಂದ್ನಲ್ಲ. ಕನ್ನಡಕದ ದುಡ್ಡು ನನ್ನ ಸಂಬಳದಲ್ಲಿ ಹಿಡ್ಕೋತಾರೆ ಬಿಡು."

ಕೂತ. ಗಾಜು ಬದಲಿಸಿ ಪರೀಕ್ಷಿಸುವ ಕಬ್ಬಿಣದ ಗುಂಡು ಫ್ರೇಮು ಮೂಗಿನ ಮೇಲೆ ಹತ್ತು ಮಣ ಭಾರ ಬಿತ್ತು. ಒಂದು ಕಣ್ಣಿಗೆ ಕಪ್ಪು ಬಿಲ್ಲೆ. ಸಹಿಯಾದ ಕಾಗದ ತೊಡೆಯ ಮೇಲಿತ್ತು. ಅವನ ಸಹಿಯ ಜಾಗ ಇನ್ನೂ ಖಾಲಿ.

"ಕೊನೇ ಸಾಲು ಓದು."

ಅದೇನು ಮಹಾ. ಓದುವ ದಿನಗಳಲ್ಲಿ ಸಂಜೆಯೆಲ್ಲ ಇದೇ ಕುರ್ಚಿಯಲ್ಲಿ ಕೂತು ಪಾಠ ಬರೆದವನು. ಒಂದೇ ಉಸಿರಿಗೆ ಹೇಳಿದ: "ರ, ಠ, ದ, ಥ, ಧ, ಳ."

ಅಕ್ಕ ಒಮ್ಮೆ ಬೋರ್ಡನ್ನು, ಒಮ್ಮೆ ಅವನನ್ನು ನೋಡಿದಳು. ಹೊರಗೆ ಬಸ್ಸೊಂದು ನಿಂತು ಹೋಯಿತು.

"ಆ ಬೋರ್ಡು ತೆಗೆದು ಎರಡು ವರ್ಷ ಆಯ್ತು ಕಣೋ. ಇದು ಬೇರೆ."

ಅವನ ಕಿವಿ ಬಿಸಿಯಾಯಿತು. ಅವಳು ಒಂದು ಗಾಜು ತೆಗೆದು ಇನ್ನೊಂದು ಇಳಿಸಿದಳು.

"ಈಗ? ನಿಜ ಹೇಳು, ಏನು ಕಾಣುತ್ತೆ?"

"ಇರುವೆ," ಅಂದ.

"ಎಷ್ಟು ಕಾಲು?"

ಐದು ಕಾಲಿನ ಇರುವೆಯ ಕತೆ ಅವನು ಮೊದಲು ಹೇಳಿದ್ದು ಇವಳಿಗೇ, ಏಳು ವರ್ಷದವನಿದ್ದಾಗ. ಐದು ಎನ್ನಲು ಬಾಯಿ ತೆರೆದ. ಬೋರ್ಡಿನ ಪಕ್ಕದ ಗಡಿಯಾರದತ್ತ ತಿರುಗಿದ. ಐದಾಗಲು ಎಷ್ಟು ಹೊತ್ತಿದೆ ನೋಡೋಣವೆಂದರೆ ಅಲ್ಲಿಯೂ ದುಂಡಗಿನ ಬಿಳಿ ಬಿಟ್ಟರೆ ಏನೂ ಇರಲಿಲ್ಲ. ಅಕ್ಕನ ಮುಖವೂ ಅಷ್ಟು ಹತ್ತಿರದಲ್ಲಿ ಅಂಚಿಲ್ಲದ ಬೆಳಕಾಗಿತ್ತು. ಅವಳ ಬೆರಳು ಮಾತ್ರ ಅವನ ಕಿವಿಯ ಹತ್ತಿರ ಬೆಚ್ಚಗೆ ಫ್ರೇಮು ಹಿಡಿದುಕೊಂಡಿತ್ತು.

"ಗೊತ್ತಿಲ್ಲ ಅಕ್ಕ," ಅಂದ. "ಯಾವತ್ತೂ ಎಣಿಸಿಲ್ಲ. ನಂಗೇನೂ ಕಾಣ್ತಿಲ್ಲ."

ಅವಳು ಮುಂದಿನ ಗಾಜು ಇಳಿಸಿದಳು.

"ಈಗ?"